ಎರಡು ಸುಳಿಯ ತಲೆ

ನೋಡಿಲ್ಲ ಅಂದ್ನಲ್ಲ ಮರಿ. ಇನ್ನೆಷ್ಟು ಸಲ ಹೇಳ್ಲಿ? ನಿಮ್ಮಪ್ಪನ ತಲೆ ಮೇಲೆ ಹುಣ್ಣಾಗ್ಲಿ, ಗಾಯ ಆಗ್ಲಿ, ನಾನು ನೋಡಿಲ್ಲ. ಹೋದ ತಿಂಗಳು ಬಂದಾಗ್ಲೂ ಇರ್ಲಿಲ್ಲ… ಇದ್ದಿದ್ರೆ ನನಗೆ ಕಾಣ್ತಿರ್ಲಿಲ್ವಾ? ಮೂವತ್ತೊಂದು ವರ್ಷದಿಂದ ಬೇರೆಯವರ ತಲೆ ನೋಡ್ಕೊಂಡೇ ಬದುಕಿರೋನು ನಾನು.

ಬಾಗಿಲಲ್ಲೇ ಯಾಕೆ ನಿಂತೆ? ಬಾ, ಕೂತ್ಕೋ. ಬೆಂಚಲ್ಲ, ಕುರ್ಚಿ ಮೇಲೆ. ನಾಳೆ ಆಪರೇಷನ್ ಥಿಯೇಟರ್ ಹೊರಗೆ ಈ ತಲೆ ಹೊತ್ಕೊಂಡು ನಿಲ್ತೀಯಾ? ಕಾಡು ಬೆಳೆದ ಹಾಗಿದೆ… ಟೈಮಿಲ್ವಾ? ಹತ್ತೇ ನಿಮಿಷ. ಕೈಗೆ ಕೆಲಸ ಇಲ್ದಿದ್ರೆ ನನಗೆ ಮಾತೂ ಸರಿಯಾಗಿ ಬರಲ್ಲ, ಗೊತ್ತಲ್ಲ ನಿನಗೆ. ಕೂತ್ಕೋ.

ಹಾಂ… ಹಾಗೆ. ಬಟ್ಟೆ ಬಿಗಿ ಆಯ್ತಾ? ಇದೇ ಕುರ್ಚಿಗೆ ಅಡ್ಡ ಹಲಗೆ ಹಾಕಿ ನಿನ್ನ ಕೂರಿಸ್ತಿದ್ದೆ, ನೆನಪಿದ್ಯಾ? ಮೆಷಿನ್ ಸದ್ದು ಕೇಳಿದ್ರೆ ಸಾಕು, ಇಡೀ ಬೀದಿ ಓಡಿ ಬರ್ಬೇಕು, ಹಾಗೆ ಕಿರುಚ್ತಿದ್ದೆ! ನಿಮ್ಮಪ್ಪ ಆ ಬೆಂಚಲ್ಲಿ ಪೇಪರ್ ಹಿಡ್ಕೊಂಡು, ತಲೆ ಕೂಡ ಎತ್ತದೆ, "ಕಿವಿ ಒಂದು ಉಳಿಸಿ ಕೊಡಪ್ಪಾ, ಮೇಷ್ಟ್ರಿಗೆ ಹಿಂಡೋಕೆ ಬೇಕಾಗುತ್ತೆ" ಅನ್ನೋರು… ನಗು ಬರಲ್ವಾ? ಇರ್ಲಿ ಬಿಡು. ನಗೋ ದಿನ ಅಲ್ಲ ಇವತ್ತು.

ತಲೆ ಬಗ್ಗಿಸು ಸ್ವಲ್ಪ.

ಈಗ ಸರಿಯಾಗಿ ಹೇಳು, ಡಾಕ್ಟ್ರು ಕೇಳ್ತಿರೋದು ಏನು? ಆ ಹುಣ್ಣು ಯಾವಾಗ ಶುರುವಾಯ್ತು ಅಂತ. ಎರಡು ತಿಂಗಳಲ್ಲೇ ಅಷ್ಟು ಬೆಳೀತಾ, ಇಲ್ಲಾ ವರ್ಷಗಟ್ಟಲೆಯಿಂದ ಕೂತಿತ್ತಾ ಅಂತ… ಓ. ಅದನ್ನ ನೋಡ್ಕೊಂಡು ನಾಳೆ ಎಷ್ಟು ತೆಗೀಬೇಕು, ಹರಡಿದ್ಯಾ ಅಂತ ಕುತ್ತಿಗೇಲಿ ಇನ್ನೆಲ್ಲೆಲ್ಲಿ ಹುಡುಕ್ಬೇಕು ಅಂತ ಗೊತ್ತುಮಾಡ್ತಾರಾ… ಸರಿ. ಅದನ್ನ ನಿಮ್ಮಪ್ಪನ್ನೇ ಕೇಳ್ಬಹುದಲ್ಲ? ಅವರ ತಲೆ ತಾನೆ?

ಏನು? ನನ್ನ ಕೇಳು ಅಂದ್ರಾ? ಹೇಗಂದ್ರು? ಅವರ ಮಾತಲ್ಲೇ ಹೇಳು…

"ನನ್ನ ತಲೆ ನಕ್ಷೆ ಅವನ ಹತ್ರ ಇದೆ, ಹೋಗಿ ಅವನನ್ನ ಕೇಳು."

ಹ್ಞೂಂ… ಸರ್ವೇಯರ್ ಬುದ್ಧಿ ನೋಡು! ಆಸ್ಪತ್ರೆ ಮಂಚದ ಮೇಲೂ ನಕ್ಷೆ! ಬಿಸಿಲಲ್ಲಿ ನಿಂತು ಊರವರ ನೆಲವನ್ನೆಲ್ಲ ಅಳೆದ ಮನುಷ್ಯ. ಇಷ್ಟಗಲ ಜಾಗ, ತನ್ನದೇ ತಲೆ ಹಿಂದೆ, ಅದೊಂದು ಅವರಿಗೆ ಕಾಣ್ಲಿಲ್ಲ. ಯಾರಿಗೂ ಕಾಣಲ್ಲ ಬಿಡು. ನನ್ನ ತಲೆ ಹಿಂದೆ ಏನಿದೆ ಅಂತ ನನಗೆ ಗೊತ್ತಾ?

ಅಯ್ಯೋ… ಏನಿಲ್ಲ, ಬಾಚಣಿಗೆ ಜಾರ್ತು. ಕೈ ಒದ್ದೆಯಾಗಿದೆ. ಇನ್ನೊಂದು ತಗೋತೀನಿ ಇರು.

ಅಲ್ಲ, ನೀನು ಹಾಗೆ ನನ್ನನ್ನ ನೋಡ್ಬೇಡ. ತಲೆ ವಿಷಯದಲ್ಲಿ ಯಾರ ಹತ್ರ ಹೋಗ್ಬೇಕು ಅಂತ ದಿನಾ ಒಬ್ಬರಾದ್ರೂ ನನ್ನ ಕೇಳ್ತಾರೆ. ನಾನು ಹೇಳೋದು ಒಂದೇ. ಕತ್ತರಿಸೋಕೆ ನಾನಿದ್ದೀನಿ. ಬಣ್ಣ, ಗಿಣ್ಣ, ನೇರ ಮಾಡೋದು, ಗುಂಗುರು ಮಾಡೋದು ಎಲ್ಲ ಎದುರುಗಡೆ ಪಾರ್ಲರಮ್ಮನ ಹತ್ರ. ಉದುರಿದ್ದನ್ನ ಬೆಳೆಸ್ತೀವಿ ಅಂತ ಗಾಜಿನ ಬಾಗಿಲು ಹಾಕ್ಕೊಂಡು ಕೂತಿದಾರಲ್ಲ, ಆ ಹೇರ್ ಸೆಂಟರ್‌ನೋರು, ಅವರು ಬಿಳಿ ಕೋಟು ಹಾಕಿದ್ರೂ ಡಾಕ್ಟ್ರಲ್ಲ. ಗೋಡೆ ಮೇಲೆ ಯಾವ ಸರ್ಟಿಫಿಕೇಟ್ ತೂಗುಹಾಕಿದಾರೆ, ಅದನ್ನ ಮೊದಲು ಓದಿ ಆಮೇಲೆ ತಲೆ ಕೊಡಿ ಅಂತೀನಿ. ಆದ್ರೆ ಚರ್ಮಕ್ಕೇ ಏನಾದ್ರೂ ಆದ್ರೆ, ಕೆಂಪಾದ್ರೆ, ಗಂಟಾದ್ರೆ, ಗಾಯ ಮಾಯದೆ ಹಾಗೇ ಇದ್ರೆ, ನಾನೂ ಬೇಡ ಅವರೂ ಬೇಡ. ಸೀದಾ ಚರ್ಮದ ಡಾಕ್ಟ್ರ ಹತ್ರ ಓಡಿ!

ಬೇಕಾದ್ರೆ ಬೇಕರಿಯವನನ್ನ ಕೇಳು. ನಾಣ್ಯದಗಲ ಕೂದಲು ಹೋಗಿ ನುಣ್ಣಗಾಗಿತ್ತು ಅವನಿಗೆ. ಯಾರೋ ಹೇಳಿದ್ರು ಅಂತ ಈರುಳ್ಳಿ ರಸ ಉಜ್ಜಿ ಉಜ್ಜಿ, ಬನ್ ತಿಂದ್ರೂ ಈರುಳ್ಳಿ ವಾಸನೆ! ಗಿರಾಕಿಗಳು ಮೂಗು ಮುಚ್ಕೊಂಡು ದುಡ್ಡು ಕೊಡ್ತಿದ್ರು. ನಾನೇ ಬೈದು ಡಾಕ್ಟ್ರ ಹತ್ರ ಕಳಿಸಿದೆ. ಮೂರು ತಿಂಗಳಲ್ಲಿ ಕೂದಲು ಬಂತು. ಇವತ್ತಿಗೂ ನನ್ನ ಕಂಡ್ರೆ ಕೈಮುಗೀತಾನೆ…

ಏನು? ಅವನ ತಲೇಲಿ ಕಂಡಿದ್ದು ನಿಮ್ಮಪ್ಪನ ತಲೇಲಿ ಯಾಕೆ ಕಾಣ್ಲಿಲ್ಲ ಅಂತಾನಾ?

…ಅದು ಬೇರೆ ಇದು ಬೇರೆ ಮರಿ. ಅವನಿಗೆ ಕೂದಲು ಹೋಗಿತ್ತು, ಬಯಲಾಗಿತ್ತು. ನಿಮ್ಮಪ್ಪನಿಗೆ ಹಿಂದೆ ಇನ್ನೂ ಒತ್ತಾಗಿದೆ.

ನಿಮ್ಮಪ್ಪನಿಗೆ ನಾನು ಹೇಳಿಲ್ಲ ಅಂತ ತಿಳ್ಕೋಬೇಡ. ಹೇಳಿದ್ದೆ. ಅಂದ್ರೆ… ಕೂದಲು ಉದುರೋದಕ್ಕೆ. ನಿನ್ನ ಮಗು ಹುಟ್ಟೋಕೆ ಎರಡು ತಿಂಗಳು ಮುಂಚೆ ಇಲ್ಲೇ ಕೂತು ಕೇಳಿದ್ರು. "ಮುಂದೆ ಎಲ್ಲ ತೆಳ್ಳಗಾಗ್ತಿದೆ ಕಣಯ್ಯಾ. ಮೊಮ್ಮಗು ಕಣ್ಣು ಬಿಟ್ಟ ತಕ್ಷಣ ಬೋಳುತಲೆ ನೋಡಿ ಹೆದರ್ಕೊಂಡ್ರೆ? ಯಾರಿಗೆ ತೋರಿಸ್ಲಿ ಹೇಳು" ಅಂದ್ರು. ಆ ಹೇರ್ ಸೆಂಟರ್‌ಗೆ ಹೋಗಿ ಬನ್ನಿ ಸಾರ್ ಅಂದೆ.

ಹೌದು, ನಾನೇ ಅಂದೆ.

ಹೌದಪ್ಪಾ, ಈಗ ತಾನೆ ಅವರು ಡಾಕ್ಟ್ರಲ್ಲ ಅಂದೆ, ಜ್ಞಾಪಕ ಇದೆ ನನಗೆ! ಮಾತಿಗೆ ಮಾತು ಹಿಡೀಬೇಡ. ಕೂದಲಿನ ವಿಷಯ ತಾನೆ ಅವರು ಕೇಳಿದ್ದು? ಅಲ್ಲಿ ದೊಡ್ಡ ದೀಪ ಹಾಕಿ, ಭೂತಗನ್ನಡಿ ಹಿಡಿದು, ಹಣೆ ಹತ್ರ ಒಂದೊಂದೇ ಕೂದಲು ಎಣಿಸಿ, ಫೋಟೋ ತೆಗೆದು, ಮೂರು ಬಾಟಲಿ ಕೊಟ್ಟು ಕಳಿಸಿದ್ರಲ್ಲ, ಅವರಿಗ್ಯಾಕೆ ಕಾಣ್ಲಿಲ್ಲ? ಹೋಗು, ಅವರನ್ನ ಕೇಳು! ಬಡ ಕಟಿಂಗ್ ಶಾಪ್‌ನೋನು ಒಬ್ಬ ಸಿಕ್ಕಿದ್ನಾ ನಿನಗೆ?

ಅಷ್ಟಕ್ಕೂ ನೀನೆಲ್ಲಿದ್ದೆ? ಒಂದೇ ಮನೆ, ಒಂದೇ ಊಟದ ಮೇಜು. ಕೊನೆಗೆ ದಿಂಬಿನ ಮೇಲೆ ರಕ್ತದ ಕಲೆ ಕಂಡು ವಿಚಾರಿಸಿದ್ದು ನಿನ್ನ ಹೆಂಡ್ತಿ. ಸೊಸೆ! ಮಗ ಅಲ್ಲ!

…

ತಪ್ಪಾಯ್ತು. ಹಾಗನ್ಬಾರ್ದಿತ್ತು. ಕಣ್ಣೊರೆಸ್ಕೋ… ಕೂದಲು ಬಿತ್ತೇನೋ ಕಣ್ಣಿಗೆ. ತಗೋ, ಟವೆಲ್ ಶುಭ್ರವಾಗಿದೆ.

ನಿನ್ನ ತಪ್ಪೂ ಅಲ್ಲ ಮರಿ. ಆರಡಿ ಆಳು ನಿಮ್ಮಪ್ಪ. ನಿಂತ್ರೆ ಅವರ ನೆತ್ತಿ ನೋಡೋಕೆ ಏಣಿ ಬೇಕು. ನಿಮ್ಮಮ್ಮ ಇದ್ದಿದ್ರೆ ನೋಡಿರ್ತಿದ್ರು. ಅವರು ಹೋದ್ಮೇಲೆ ಆ ಮನುಷ್ಯ ಕೂತು, ಕನ್ನಡಕ ತೆಗೆದಿಟ್ಟು, ಕಣ್ಣು ಮುಚ್ಚಿ ತಲೆ ಬಗ್ಗಿಸ್ತಿದ್ದಿದ್ದು ಒಬ್ಬರ ಮುಂದೆ ಮಾತ್ರ…

…ಅಂದ್ರೆ, ಹಾಗಲ್ಲ… ನಾನು ಹೇಳೋಕೆ ಹೊರಟಿದ್ದು ಏನಂದ್ರೆ…

ಬಿಡು. ಕಿವಿ ಹತ್ರ ಬಂದಿದೀನಿ, ಅಲ್ಲಾಡ್ಬೇಡ.

ನಿನಗೂ ಎರಡು ಸುಳಿ. ಥೇಟ್ ಅಪ್ಪನ ತಲೆ. ಬಲಗಡೆದು ಒಂದು, ಎಡಗಡೆದು ಒಂದು, ಎರಡೂ ಒಂದಕ್ಕೊಂದು ಮುಖ ತಿರುಗಿಸ್ಕೊಂಡು, ಜಗಳ ಆಡಿದ ಗಂಡ ಹೆಂಡ್ತಿ ಹಾಗೆ. ಕಷ್ಟದ ತಲೆ ಕಣೋ ಇದು. ಹೊಸಬರ ಕೈಗೆ ಸಿಕ್ರೆ ಹಿಂದೆ ಕೋಳಿಪುಕ್ಕ ಎದ್ದು ನಿಲ್ಲುತ್ತೆ. ಅದಕ್ಕೇ ನಿಮ್ಮಪ್ಪ ಇಪ್ಪತ್ತೆರಡು ವರ್ಷ ಬೇರೆ ಯಾರಿಗೂ ಮುಟ್ಟೋಕೆ ಬಿಟ್ಟಿಲ್ಲ. ಪಕ್ಕದ ಬೀದೀಲಿ ಏಸಿ ಹಾಕ್ಸಿ ಹೊಸ ಅಂಗಡಿ ಬಂತಲ್ಲ, ಎಲ್ರೂ ಹೋದ್ರು, ಇವರು ಹೋಗ್ಲಿಲ್ಲ. "ನಿನ್ನ ಕೈ ಇರೋ ತನಕ ನನ್ನ ತಲೆ ಇಲ್ಲೇ" ಅಂದ್ರು.

ನನ್ನ ಕೈ…

ಆಯ್ತು. ಮುಗೀತು. ಪೌಡರ್ ಬೇಡ ಅಲ್ವಾ ನಿನಗೆ? ನೋಡು ಈಗ, ಮನುಷ್ಯನ ಹಾಗೆ ಕಾಣ್ತಿದ್ದೀಯ. ಕೈಗನ್ನಡಿ ಹಿಡೀತೀನಿ, ಹಿಂದೆ ನೋಡ್ಕೋ. ಕುತ್ತಿಗೆ ಹತ್ರ ಗೆರೆ ಸರಿ ಇದ್ಯಾ?

ಸರಿ ತಾನೆ?

ಯಾಕೆ, ಸರಿ ಇಲ್ವಾ? ಮಾತಾಡು. ಎದುರು ಕನ್ನಡೀಲಿ ಕುತ್ತಿಗೆ ನೋಡು ಮರಿ, ನನ್ನ ಕೈ ಯಾಕೆ ನೋಡ್ತೀಯ?

ಮೇಲಕ್ಕಾ? ಮೇಲೇನಿದೆ ನೋಡೋಕೆ… ಎಲ್ರಿಗೂ ಹೀಗೇ ತಾನೆ ತೋರ್ಸೋದು… ಹೌದು, ನಿನಗೆ ಯಾವಾಗ್ಲೂ ನೆತ್ತಿಯಿಂದ ತೋರ್ಸೋಕೆ ಶುರುಮಾಡ್ತಿದ್ದೆ. ಇವತ್ತು ಮರೆತೆ… ಕೈ ತಾನಾಗೇ ಕೆಳಗೆ ಹೋಯ್ತು. ಬಿಡು, ಮಣಿಕಟ್ಟು ಹಿಡೀಬೇಡ. ಬಿಡು ಅಂದ್ನಲ್ಲ, ಕನ್ನಡಿ ಬಿದ್ದು ಒಡೆಯುತ್ತೆ…

…

ಕಾಣ್ತಾ?

ಅದು… ಒಂದು ಕುಚ್ಚು ಉಳಿದಿದೆ. ಎಡ ಸುಳಿ ಕೆಳಗೆ. ಸುತ್ತ ಎಲ್ಲ ಕತ್ತರಿಸಿ ಅಲ್ಲಿ ಮಾತ್ರ ಬಿಟ್ಟಿದ್ದೀನಿ. ನಿನ್ನ ತಲೇಲಿ ಅಲ್ಲಿ ಏನೂ ಇಲ್ಲ ಮರಿ, ಹೆದರ್ಬೇಡ. ಶುದ್ಧವಾಗಿದೆ. ಕೈಗೆ ಗೊತ್ತಾಗ್ಲಿಲ್ಲ ಅಷ್ಟೇ. ಎರಡು ಸುಳಿ ಸಿಕ್ತು, ಅಪ್ಪನ ತಲೆ ಅಂದ್ಕೊಂಡ್ಬಿಡ್ತು.

ಏನಾದ್ರೂ ಹೇಳು. ಬೈ. ಬೈದ್ರೆ ನಾನೂ ಏನಾದ್ರೂ ಹೇಳ್ತೀನಿ.

…

ನಿನ್ನ ಮದುವೆ ಹಿಂದಿನ ದಿನ. ಮಧ್ಯಾಹ್ನ. ಗಂಡಿನ ಅಪ್ಪ ಅಂತ ಎಷ್ಟು ಉಬ್ಬಿದ್ರು ಅವತ್ತು! ಮಾತಾಡ್ತಾ ಮಾತಾಡ್ತಾ ಬಾಚಣಿಗೆ ಎಳೆದೆ, ಅದರ ಹಲ್ಲಲ್ಲಿ ರಕ್ತ ಬಂತು. ಕೂದಲು ಸರಿಸಿ ನೋಡಿದೆ. ಕಡಲೆಕಾಳಿನಷ್ಟು ಕೆಂಪು. ನಾನೇ ಕೆರೆದೆ ಅಂದ್ಕೊಂಡೆ ಮರಿ. ಆ ವರ್ಷವೇ ನನ್ನ ಕೈ ನಡುಗೋಕೆ ಶುರುವಾಗಿತ್ತು. ಮನೇಲೂ ಹೇಳಿರ್ಲಿಲ್ಲ. ಬಲಗೈ, ಅದ್ರಲ್ಲೂ ಈ ಎರಡು ಬೆರಳು. ಕೈ ನಡುಗೋನ ಕುರ್ಚಿ ಮೇಲೆ ಯಾರು ಕೂರ್ತಾರೆ? ಪಟಿಕ ಒತ್ತಿ ರಕ್ತ ನಿಲ್ಲಿಸಿದೆ. ಮೇಲೆ ಕೂದಲು ಉದ್ದ ಬಿಟ್ಟೆ. ಕನ್ನಡಿ ಕೆಳಗೆ ಹಿಡಿದೆ. ಅವರಿಗೇನೂ ಗೊತ್ತಾಗ್ಲಿಲ್ಲ.

ಮುಂದಿನ ತಿಂಗಳು ಬಂದ್ರು, ಹಾಗೇ ಇತ್ತು. ಮತ್ತೆ ನಾನೇ ತಾಗಿಸಿದೆ ಅಂದ್ಕೊಂಡೆ. ಆಮೇಲೆ ಅಲ್ಲಿ ಬಾಚಣಿಗೇನೇ ಇಡ್ಲಿಲ್ಲ. ಆದ್ರೂ ಇತ್ತು, ಸ್ವಲ್ಪ ದೊಡ್ಡದಾಗಿ, ಹಕ್ಕಳೆ ಕಟ್ಟಿ. ಆಗ ಗೊತ್ತಾಯ್ತು. ನಾನು ಮಾಡಿದ ಗಾಯ ಅಲ್ಲ ಅದು. ಗೊತ್ತಾದಾಗ ಏನನ್ನಿಸ್ತು ಗೊತ್ತಾ? ಸಮಾಧಾನ! ಒಂದು ಕ್ಷಣ ಸಮಾಧಾನ ಆಯ್ತು ನನಗೆ, ಕೈ ತಪ್ಪಿರ್ಲಿಲ್ಲ ಅಂತ. ಅವತ್ತೇ ಹೇಳ್ಬಹುದಿತ್ತು. ಮೂರು ತಿಂಗಳು ಯಾಕೆ ಮುಚ್ಚಿಟ್ಟೆ ಅಂತ ಕೇಳಿದ್ರೆ ಏನನ್ಲಿ? ಆಮೇಲೆ ನಾಲ್ಕಾಯ್ತು. ಐದಾಯ್ತು. ಒಂದ್ಸಲ ಅವರೇ "ಅಲ್ಲೇನೋ ತುರಿಸುತ್ತೆ, ನೋಡು" ಅಂದ್ರು. ಹೊಟ್ಟು ಸಾರ್, ಅಂದೆ.

ಹೇರ್ ಸೆಂಟರ್‌ಗೆ ಯಾಕೆ ಕಳಿಸಿದೆ ಅಂತ ಕೇಳ್ಬೇಡ. ಅವರು ಮುಂದಿನ ಕೂದಲು ಬಿಟ್ಟು ಹಿಂದೆ ನೋಡಲ್ಲ ಅಂತ ನನಗೆ ಗೊತ್ತಿತ್ತು.

ಹದಿನಾರು ತಿಂಗಳು. ಡಾಕ್ಟ್ರಿಗೆ ಹಾಗಂತ ಹೇಳು. ನಾಳೆ ತನಕ ಕಾಯ್ಬೇಡ, ಈಗ್ಲೇ ಫೋನ್ ಮಾಡು. ಮದುವೆ ತಾರೀಖು ನಿನಗೆ ಗೊತ್ತಲ್ಲ, ಅದರ ಹಿಂದಿನ ದಿನ. ಎಷ್ಟು ಅಗಲ ಇತ್ತು, ಯಾವ ತಿಂಗಳು ಎಷ್ಟಾಯ್ತು, ಎಲ್ಲ ಹೇಳ್ತೀನಿ, ಬೇಕಿದ್ರೆ ನಾನೇ ಬರ್ತೀನಿ. ನಿಮ್ಮಪ್ಪನ ಮುಂದೇನೂ ಹೇಳ್ತೀನಿ…

ಎದ್ದೆಯಾ? ಇರು, ಬಟ್ಟೆ ಇನ್ನೂ ಕುತ್ತಿಗೇಲಿದೆ. ಹೀಗೇ ಬೀದಿಗೆ ಹೋಗ್ತೀಯಾ? ಒಂದು ನಿಮಿಷ, ಗಂಟು ಬಿಚ್ತೀನಿ… ಇರು… ಬರ್ತಿಲ್ಲ… ನೋಡು, ಬೆರಳು ನಿಲ್ತಾನೇ ಇಲ್ಲ.

ನೀನೇ ಬಿಚ್ಕೋ ಮರಿ.