ಮಾವ ಇಟ್ಟ ಅಳತೆ

ನನಗೆ ಕತೆ ಹೇಳಿ ಅಭ್ಯಾಸವಿಲ್ಲ. ಎಲ್ಲೋ ಶುರುಮಾಡಿ ಎಲ್ಲೋ ಹೋಗುತ್ತೇನೆ, ಬೇಸರಿಸಬೇಡಿ. ಆದರೆ ಇದು ನಡೆದದ್ದು ನಿಜ. ನನ್ನ ಚಿಕ್ಕಪ್ಪನ ಮಗಳು ಇಂಗ್ವಿಲ್ಡ್‌ಗೆ, ನಮ್ಮ ನಾರ್ವೆಯ ಬಂದರಿನಲ್ಲೇ.

ಚಳಿಗಾಲ. ನಮ್ಮಲ್ಲಿ ಆಗ ಮಧ್ಯಾಹ್ನವೇ ಕತ್ತಲು. ಹಳೇ ಬಾವಿ ದಾಟಿ ಅವಳೊಬ್ಬಳೇ ಬಂದರಿನ ಕೋಣೆಗೆ ಹೋದಳು. ಅಲ್ಲೊಂದು ಕಂಪ್ಯೂಟರ್. ಮಂಜು ಕವಿದಾಗ ದೋಣಿಗಳಿಗೆ ದಿಕ್ಕು ತಿಳಿಯಲೆಂದು ಕಹಳೆ ಊದಿಸುವುದು ಅದರ ಕೆಲಸ. ಎಷ್ಟು ಮಂಜಿಗೆ ಊದಬೇಕು ಎಂಬ ಅಳತೆಯನ್ನು ಅವಳ ಮಾವ ಓಸ್ಮುಂಡ್ ಕೈಯಾರೆ ತಿದ್ದಿಟ್ಟಿದ್ದರು. ತೆಳು ಮಂಜಿಗೂ ಗೂಳಿಯ ಹಾಗೆ ಕೂಗುತ್ತಿತ್ತು. ಊರಿಗೆಲ್ಲ ಕಿರಿಕಿರಿ. ಮಾವ ಹಿಂದಿನ ವರ್ಷ ಸಮುದ್ರದ ಪಾಲಾಗಿದ್ದರು... ಶವ ಸಿಗಲಿಲ್ಲ.

ಅವತ್ತು ಅವಳಿಗೆ ಅದರ ಆಪರೇಟಿಂಗ್ ಸಿಸ್ಟಮ್ ಹೊಸದು ಮಾಡುವ ಕೆಲಸ. ಅಂದರೆ ಕಂಪ್ಯೂಟರಿನ ಒಳಗಿನ ಆಡಳಿತವನ್ನೇ ಬದಲಿಸುವುದು. ಮೌಸ್ ಇಲ್ಲ, ಚಿತ್ರ ಇಲ್ಲ. ಕಪ್ಪು ಪರದೆಯ ಮೇಲೆ ಆಜ್ಞೆ ಬರೆಯಬೇಕು. ಟಕಟಕ ಬರೆದಳು. ಅಕ್ಷರಗಳು ಓಡಿದವು.

ರೇಡಿಯೋ ಕರ್‌ರ್ ಎಂದಿತು. ಸಮುದ್ರದಿಂದ ಗಂಡ ತೂರ್ಮುಡ್.

"ಏನೇ, ಅಪ್ಪನ ಗೂಳಿ ಬಾಯಿ ಮುಚ್ಚಿಸಿದ್ಯಾ?"

"ಸತ್ತ ಮೇಲೂ ಊರಿಗೆ ನಿದ್ದೆ ಕೊಡ್ತಿಲ್ಲ ಮಾರಾಯ, ನಿಮ್ಮಪ್ಪ! ಇವತ್ತಿಗೆ ಮುಗೀತು. ಬೇಗ ಬಾ, ಮೀನಿನ ಸಾರು ಆರತ್ತೆ."

ಅಕ್ಷರಗಳು ನಿಂತವು. ಪರದೆ ಕೇಳಿತು: ಈ ಅಳತೆಯನ್ನು ಯಾರೋ ತಿದ್ದಿದ್ದಾರೆ, ಹೊಸದು ಹಾಕಲೇ? ಹೀಗೆ ಕೇಳುವುದು ಮಾಮೂಲು, ಅದರಲ್ಲಿ ದೆವ್ವವಿಲ್ಲ. ವೈ ಎಂದರೆ ದಟ್ಟ ಮಂಜಿಗಷ್ಟೇ ಊದುವ ಹೊಸದು, ಎನ್ ಎಂದರೆ ಮಾವನ ಹಳೆಯದೇ ಇರಲಿ.

ಅವಳು ವೈ ಒತ್ತಿದಳು. ಪರದೆಯಲ್ಲಿ ಎನ್ ಬಿತ್ತು. ಅಳಿಸಿದಳು. ಮತ್ತೆ ವೈ. ಮತ್ತೆ ಎನ್. ಅದನ್ನೂ ಅಳಿಸಿ, ಎರಡೂ ಕೈ ಮಡಿಲಲ್ಲಿಟ್ಟು ಕೂತಳು...

ಟಕ್.

ಎನ್ ಕೀಲಿ ತಾನೇ ಕುಸಿದು ಮೇಲೆದ್ದಿತು.

"ಮಾವಾ... ನೀವಾ?"

ಕುರ್ಚಿಯ ಹಿಂದೆ ತೊಟ್... ತೊಟ್... ನೀರು ಬೀಳುವ ಸದ್ದು. ತಿರುಗಿ ನೋಡುವ ಧೈರ್ಯ ಬರಲಿಲ್ಲ. ಪರದೆ ತನ್ನಷ್ಟಕ್ಕೆ ಓಡತೊಡಗಿತು.

ಯಂತ್ರ ಆರಿ ಮತ್ತೆ ಎದ್ದಿತು. ಕಿಟಕಿಯಾಚೆ ದೀಪದ ಸುತ್ತ ಒಲೆಯ ಹೊಗೆಯಷ್ಟು ಮಂಜು, ಅಷ್ಟೇ. ಆದರೂ ಕಹಳೆ... ಬ್ಬೋಂ...

"ಇನ್ನೂ ಕೂಗ್ತಿದ್ಯಲ್ಲೇ ಇದು!" ರೇಡಿಯೋದಲ್ಲಿ ತೂರ್ಮುಡ್. ಆಮೇಲೆ ಪಿಸುದನಿ. "ಇಂಗ್ವಿಲ್ಡ್... ಇಲ್ಲಿ ಕೈ ಚಾಚಿದ್ರೂ ಕಾಣ್ತಿಲ್ಲ. ಕೂಗು ಎಡಕ್ಕೆ ಕೇಳ್ತಿದೆ. ಬಲಕ್ಕಿರಬೇಕಿತ್ತು. ನಾನು ಬಂಡೆಗಳ ಕಡೆಗೇ ಬರ್ತಿದ್ದೆ ಕಣೇ."

ಬಂಡೆಗಳ ಹತ್ತಿರ ಮಂಜು ಮೊದಲು ದಟ್ಟವಾಗುತ್ತದೆ, ಬಂದರಿಗೆ ತಡವಾಗಿ ಬರುತ್ತದೆ. ಮಾವನಿಗೆ ಅದು ಗೊತ್ತಿತ್ತು.

ತೂರ್ಮುಡ್ ಬಂದ. ಆರಿದ ಸಾರನ್ನೇ ಉಂಡ. ಆ ಅಳತೆಯನ್ನು ಮತ್ತೆ ಯಾರೂ ಮುಟ್ಟಿಲ್ಲ. ಆದರೆ ಎನ್ ಕೀಲಿ... ಎಷ್ಟು ಒರೆಸಿದರೂ ಬೆಳಗಾಗುವಷ್ಟರಲ್ಲಿ ಅದರ ಮೇಲೆ ಬಿಳೀ ಉಪ್ಪು ಕೂತಿರುತ್ತದೆ. ನಾನೇ ನಾಲಿಗೆಗೆ ಇಟ್ಟು ನೋಡಿದ್ದೇನೆ, ಆಣೆ. ಕಡಲ ಗಾಳಿ ಅನ್ನುತ್ತೀರಿ, ಸರಿ. ಆದರೆ ಪಕ್ಕದ ಕೀಲಿಗಳ ಮೇಲೆ ಏನೂ ಇಲ್ಲ. ಗಾಳಿಯೇ ಆಗಿದ್ದರೆ...

ಇರಿ, ತೂರ್ಮುಡ್ ಕರೆಯುತ್ತಿದ್ದಾನೆ, ದೋಣಿಯ ಹಗ್ಗ ಹಿಡಿಯಬೇಕಂತೆ. ಬಂದೆ ಕಣೋ!