ಅಮೆರಿಕಾದ ನೀಲಿ ಹಕ್ಕಿ, ನಮ್ಮ ಹೊಟೇಲಿನ ಹಳದಿ ಹಲಗಿ

ಅಲ್ಲಾ, ನಿನ್ನ ಕಾಲೇಜು ಪುಸ್ತಕದಾಗಿನ ಆ ಹಕ್ಕಿ ಸುದ್ದಿ ಇನ್ನೊಮ್ಮೆ ಓದವಾ ಅನ್ವಿತಾ, ನೀ ಗಡಿಬಿಡಿ ಮಾಡಿ ಓದಿದಿ. ಎರಡು ಯುದ್ಧದ ನಡುವ ಅಮೆರಿಕಾದಾಗ ಪೇಟೆ ಬಿದ್ದುಹೋತು, ಮಂದಿ ಬ್ರೆಡ್ಡಿಗೆ ಪಾಳಿ ಹಚ್ಚಿ ನಿಂತರು, ಅದು ತಿಳೀತು. ಆಮ್ಯಾಲೆ ಸರಕಾರ ನಡುವ ಕೈ ಹಾಕಿ ಅಂಗಡಿಯವರಿಗೆ, ಕಾರಖಾನಿಯವರಿಗೆ ಹೇಳ್ತು: ಇಷ್ಟಕ್ಕಿಂತ ಕಡಿಮಿ ಪಗಾರ ಕೊಡಬ್ಯಾಡ್ರಿ, ಇಷ್ಟು ತಾಸಿಗಿಂತ ಹೆಚ್ಚಿಗಿ ದುಡಿಸಬ್ಯಾಡ್ರಿ, ಒಪ್ಪಿದವರು ಕಿಡಕಿಯೊಳಗ ಒಂದು ನೀಲಿ ಹಕ್ಕಿ ಚಿತ್ರ ಹಚ್ಚ್ರಿ, ಹಕ್ಕಿ ಇದ್ದ ಅಂಗಡಿಗೇ ಗಿರಾಕಿ ಹೋಗ್ಲಿ. ಹೌದಲ್ಲ? ಕೆಲವರು ಹಕ್ಕೀನೂ ಹಚ್ಚಿದ್ರು, ಒಳಗ ತಮ್ಮ ಆಟಾನೂ ನಡಸಿದ್ರು, ಹೌದಲ್ಲ? ಹಾಂ. ಅದನ್ನ ಅವರು ನನ್ನ ಕಡಿಂದ ಕಲತಿದ್ದು. ನಗಬ್ಯಾಡೋ ಚಿಂಟ್ಯಾ. ನಾ ಹುಟ್ಟೂಕಿಂತ ಮೊದಲ ಆಗಿರಬಹುದು, ಆದ್ರೂ ಅಷ್ಟು ದೂರದಿಂದ ವಿದ್ಯಾ ಕಲಿಸೂ ತಾಕತ್ತು ನನಗಿತ್ತು.

ನಿಮ್ಮ ಸರ್ ಏನಂತಾರ? ಸರಕಾರ ಪೇಟೆಯೊಳಗ ಕೈ ಹಾಕಬಾರದು, ಪೇಟೆ ತಾನ ಸರಿ ಆಗ್ತದ? ನಾ ಹುಡುಗಿದ್ದಾಗ ದುಡದ ಹೊಟೇಲಿನ ಮಾಲಕ್ರೂ ಅದನ್ನ ಅಂತಿದ್ರು, ಆದ್ರ ಅವರು ಕಾಲೇಜು ಕಂಡವರಲ್ಲ. ಆ ಹೊಟೇಲಿನ ಕಥಿ ನಿಮಗ ಗೊತ್ತದ ಅಂತೀರಿ. ಗೊತ್ತದ, ನಿಮ್ಮಪ್ಪನ ಮದವಿಯೊಳಗೂ ಹೇಳೀನಿ, ಮಂದಿ ಹೊಟ್ಟಿ ಹಿಡಕೊಂಡು ನಕ್ಕಾರ, "ಸರಕಾರಕ್ಕ ಮಣ್ಣ ಮುಕ್ಕಿಸಿದ ಕಾಕಾ" ಅಂತ. ಅದು ಅರ್ಧಾ ಕಥಿ. ಇನ್ನರ್ಧ ನಾ ಯಾರಿಗೂ ಹೇಳಿಲ್ಲ, ನಿಮ್ಮ ಕಾಕೂಗೂ ಹೇಳಲಿಲ್ಲ, ಆಕಿ ಹೋಗೂ ತನಕಾನೂ ಹೇಳಲಿಲ್ಲ. ಕೂಡ್ರಿ. ಆ ಚಿಕ್ಕಿ ಡಬ್ಬಿ ಈ ಕಡೆ ಸರಸು. ಲೋಣಾವಳಾದ್ದೇನು? ಹಲ್ಲಿಲ್ಲದಾಂವಗ ಚಿಕ್ಕಿ ತರ್ತಾನ ನೋಡ್ರಿ ನಿಮ್ಮಪ್ಪ.

ನಾ ಪುಣೆಕ್ಕ ಬಂದಾಗ ಹತ್ತೊಂಬತ್ತು ವರ್ಷ. ಗದಗಿನಿಂದ ರೈಲಿನ್ಯಾಗ ಬಂದೆ. ಟಿಕೇಟು ಇತ್ತೋ ಇಲ್ಲೋ ಅದು ಬ್ಯಾರೆ ಮಾತು. ಆ ಎರಡು ವರ್ಷ ಮಳಿ ಕೈ ಕೊಟ್ಟಿತ್ತು, ಕಾಳು ತುಟ್ಟಿ, ಸಕ್ಕರಿ ರೇಶನ್ ಕಾರ್ಡಿನ ಮ್ಯಾಲೆ, ಹೊಟ್ಟಿ ನಮ್ಮ ಮ್ಯಾಲೆ. ಮೂರು ದಿನಾ ಸ್ಟೇಷನ್ನಿನ ನಳದ ನೀರು ಕುಡದು ತಿರುಗಾಡಿದೆ. ಹೊಟ್ಟಿಯೊಳಗ ಬರೀ ನೀರಿದ್ದಾಗ ನಡದ್ರ ಸಪ್ಪಳ ಬರ್ತದ, ಗೊತ್ತದ ಏನು? ಕೊಡ ಹೊತ್ತವರ ಗತೆ ಕುಳುಕುಳು ಅಂತದ. ನಾಲ್ಕನೇ ದಿನಾ ದೊಡ್ಡ ಸರಕಾರಿ ದವಾಖಾನಿ ಎದುರಿನ ಹೊಟೇಲಿನ ಮುಂದ ನಿಂತೆ. ಮಾಲಕ್ರು ಉಡುಪಿ ಕಡಿಯವರು, ಗಲ್ಲೆದ ಮ್ಯಾಲೆ, ರೊಕ್ಕದ ಪೆಟ್ಟಿಗಿ ಮುಂದ, ಕೂತು ನನ್ನ ನೋಡಿ, "ಎಂತ ಮಾರಾಯಾ, ಅಷ್ಟೊತ್ತಿಂದ ಬೋರ್ಡು ಓದ್ತಿದ್ದಿ, ಅದರಲ್ಲಿ ಕಾದಂಬರಿ ಬರ್ದಿದ್ಯಾ?" ಅಂದ್ರು. ಕನ್ನಡಾ! ಕಣ್ಣಾಗ ನೀರ ಬಂತು. "ಕೆಲಸ ಕೊಡ್ರಿ" ಅಂದೆ. "ಎಷ್ಟು ತಟ್ಟೆ ಹಿಡೀತಿ?" "ಒಂದೇ ಕೈಯಾಗ ಹನ್ನೊಂದು!" ಹನ್ನೊಂದು ಅಂದ್ರ... ಏಳು. ಸರಿ, ನಾಕು. ನಾಕರಾಗ ಒಂದು ಬೀಳ್ತಿತ್ತು.

ಆವಾಗ ಸರಕಾರದ ಹುಕುಂ ಬಂತು. ಬಡವರು ಉಣಬೇಕಲ್ಲ, ಅದಕ್ಕ ಎಲ್ಲಾ ಊಟದ ಹೊಟೇಲಿನವರು ಒಂದು ಸೋವಿ ಥಾಳಿ ಇಡಬೇಕು: ಎರಡು ಚಪಾತಿ, ಅನ್ನಾ, ಒಂದು ಪಲ್ಯಾ, ಒಂದು ವಾಟಿ ಬ್ಯಾಳಿ. ದರಾ ಸರಕಾರದ್ದು. ಹೊರಗ ಹಳದಿ ಹಲಗಿ ಹಚ್ಚಬೇಕು, ಇಲ್ಲೆ ಸೋವಿ ಊಟ ಸಿಗ್ತದ ಅಂತ. ಹಲಗಿ ಇಲ್ಲದವರಿಗೆ ಸಕ್ಕರಿ ಕೋಟಾ ಬಂದ್. ಅದ ಅದ, ನಿನ್ನ ನೀಲಿ ಹಕ್ಕಿ, ನಮ್ಮ ಊರಿಗೆ ಬರೂದ್ರಾಗ ಹಳದಿ ಆಗಿತ್ತು. ಮಾಲಕ್ರು ತಲಿ ಮ್ಯಾಲೆ ಕೈ ಇಟ್ಕೊಂಡು ಕೂತ್ರು. "ಸಾವು ಮಾರಾಯಾ. ಆ ದರಕ್ಕೆ ಕೊತ್ತಂಬರಿ ಸೊಪ್ಪೂ ಬರೂದಿಲ್ಲ. ಕೊಟ್ಟರೆ ನಾವು ಮುಚ್ಚಬೇಕು, ಕೊಡದಿದ್ದರೆ ಅವರೇ ಮುಚ್ಚಿಸ್ತಾರೆ." ನ್ಯಾಯಾ ನ್ಯಾಯಾನ, ಅವರು ಹೇಳಿದ್ದು ಪೂರಾ ಸುಳ್ಳಲ್ಲ. ಆ ದರಕ್ಕ ಚಲೋ ಬ್ಯಾಳಿ ಕೊಟ್ರ ದಿನಾ ಕೈಯಿಂದ ರೊಕ್ಕ ಹೋಗ್ತಿತ್ತು. ಆದ್ರ ಅವರ ಮುಂದ ಎದಿ ಉಬ್ಬಿಸಿ ನಿಂತು ಉಪಾಯ ಹೇಳಿದಾಂವ ಯಾರು? ನಿಮ್ಮ ಕಾಕಾ.

"ಹಲಗಿ ದೊಡ್ಡದು ಹಚ್ಚೂಣ್ರಿ, ಥಾಳಿ ಸಣ್ಣದು ಮಾಡೂಣ್ರಿ" ಅಂದೆ. ಅಷ್ಟು ದೊಡ್ಡ ಹಲಗಿ ಹಚ್ಚಿದ್ವಿ, ಅಷ್ಟು ದೊಡ್ಡದು, ವಿಮಾನ ಇಳಿಯಾಕ ಬಂದು ತಿರುಗಿ ಹೋತು. ಒಳಗ ಸೋವಿ ಊಟಕ್ಕ ಒಂದ ಟೇಬಲ್, ಕೈ ತೊಳಿಯೂ ನಳದ ಬಾಜೂಕ. ಯಾರು ಕೈ ತೊಳದ್ರೂ ಉಣ್ಣವರಿಗೆ ಅಭಿಷೇಕ. ಚಪಾತಿ ಎತ್ತಿ ಹಿಡದು ನೋಡಿದ್ರ ಆಚಿಕಡೆ ಪರ್ವತಿ ಗುಡ್ಡ ಕಾಣತಿತ್ತು, ಗುಡಿ ಹತ್ತೂ ಮಂದೀನೂ ಎಣಿಸಬಹುದಿತ್ತು. ಬ್ಯಾಳಿಯೊಳಗ ಮಾರಿ ನೋಡ್ಕೊಂಡು ದಾಡಿ ಮಾಡ್ಕೋಬಹುದಿತ್ತು. ಇನ್ನ ಎಲ್ಲಾಕ್ಕಿಂತ ಮುಖ್ಯ, ಒದರೂದು. ನಮ್ಮ ಹೊಟೇಲಿನ್ಯಾಗ ಚೀಟಿ ಇರಲಿಲ್ಲ, ವೇಟರ್ ಬಾಯಿಲೆ ಒದರಬೇಕು, ಅಡಗಿಯ ವಾಸು ಒಳಗಿಂದ ತುಂಬಿಸಿ ಕೊಡ್ತಿದ್ದ. ಗಿರಾಕಿ ಜೋಡಿ ಮರಾಠಿ, ಒಳಗ ಕನ್ನಡಾ. ಕನ್ನಡದಾಗ ಏನ ಅಂದ್ರೂ ನಡೀತದ, ಮಂದಿಗೆ ತಿಳಿಯೂದಿಲ್ಲ, ಅದು ನಮಗ ಗೋಡಿ ಇದ್ದಂಗ. ದೊಡ್ಡ ಥಾಳಿಗೆ "ಒಂದು ಊಟಾ!" ಅಂತ ಒದರೂದು. ಸೋವಿ ಥಾಳಿಗೆ, ಇದು ನನ್ನ ಸ್ವಂತ ಶೋಧ, "ಒಂದು ಸರಕಾರಿ, ಗಂಗವ್ವನ್ನ ಬಿಡು!" ಗಂಗವ್ವನ್ನ ಬಿಡು ಅಂದ್ರ ವಾಸು ಬ್ಯಾಳಿಗೆ ಒಂದು ಸೌಟು ನೀರು ಹಾಕ್ತಿದ್ದ. ಮೊದಲನೇ ದಿನಾ ಮಾಲಕ್ರು ನಕ್ಕು ನಕ್ಕು ಗಲ್ಲೆದಿಂದ ಇಳದ್ರು. ನನ್ನ ಪಗಾರ ಹೆಚ್ಚಿಸಿದ್ರು. ಮೂರು ದಿನಾ ನೀರು ಕುಡದು ಬಂದಾಂವ ನಾ, ಮೂರು ತಿಂಗಳದಾಗ ನೀರು ಮಾರೂದು ಕಲತೆ.

ಇಲ್ಲಿ ತನಕ ಮದವಿ ಮನಿಯೊಳಗ ಹೇಳಿದ್ದು.

ಆ ಟೇಬಲ್ಲಿಗೆ ದಿನಾ ಮಧ್ಯಾಹ್ನ ಒಬ್ಬಾಕಿ ಬರ್ತಿದ್ಲು. ನಲವತ್ತೈದು, ಐವತ್ತು ವರ್ಷದಾಕಿ. ಕಚ್ಚಿ ಸೀರಿ, ಹಸರ ಬಳಿ, ಹಣಿ ತುಂಬ ಅರಿಷಿಣ. ಗಂಡನ್ನ ಎದುರಿನ ದವಾಖಾನಿಯೊಳಗ ಹಾಕಿದ್ರು. ಜೇಜುರಿಯಿಂದ ಬಂದೀವಿ, ಗುಡಿ ಮೆಟ್ಟಲ ಮ್ಯಾಲೆ ಭಂಡಾರದ ಅರಿಷಿಣ ಮಾರ್ತಿದ್ವಿ ಅಂತ ಮರಾಠಿಯೊಳಗ ಒಂದ ಸಲ ಹೇಳಿದ್ಲು. ಥಾಳಿ ಮುಂದ ಇಟ್ಟಕೂಡಲೆ ಬ್ಯಾಳಿ ವಾಟಿ ಎತ್ತಿ, ತಂದ ಡಬ್ಬಿಯೊಳಗ ಸುರುವಿ, ಮುಚ್ಚಳಾ ಬಿಗೀತಿದ್ಲು. ಆಮ್ಯಾಲೆ ಚಪಾತಿ, ಅನ್ನಾ, ಒಣಾ ಪಲ್ಯಾ ತಾ ಉಣ್ಣೂದು. ನಾ ಆಕಿಗೆ ಡಬ್ಬಿಯವ್ವ ಅಂತ ಹೆಸರಿಟ್ಟೆ. ಬಾಗಲದಾಗ ಕಾಲಿಟ್ಳು ಅಂದ್ರ ಒದರೂದು, "ಡಬ್ಬಿಯವ್ವ ಬಂದ್ಲಪೋ! ಒಂದು ಸರಕಾರಿ! ಡಬ್ಬಿ ತುಂಬಬೇಕು, ಗಂಗವ್ವನ್ನ ಧಾರಾಳ ಬಿಡು!" ಒಳಗ ವಾಸು ಖೀ ಖೀ. ಆಕಿ ನನ್ನ ಮಾರಿ ನೋಡಿ ಸುಮ್ಮನ ಕೂಡ್ತಿದ್ಲು. ನಾನೂ ಆಕಿ ಮಾರಿ ನೋಡೇ ನಗತಿದ್ದೆ, ಪ್ರೀತಿಲೆ ನಗತೀನಿ ಅನ್ನೂ ಹಂಗ. ಎರಡು ತಿಂಗಳು. ಜೇಜುರಿ ದೇವರಿಗೆ ನಮ್ಮ ಕಡಿ ಮಂದಿ ಎಷ್ಟು ಬರ್ತಾರ, ಎಷ್ಟು ಅಲ್ಲೇ ಉಳೀತಾರ, ಎಲ್ಲಾ ಗೊತ್ತಿದ್ದಾಂವ ನಾ. ತಲಿಗೆ ಹೊಳೀಲಿಲ್ಲ.

ಒಂದು ದಿನಾ ಸಪ್ಲೈ ಆಫೀಸಿನ ಸಾಹೇಬ ಬಂದ. ಯಾರೋ ಅರ್ಜಿ ಹಾಕಿದ್ರಂತ, ಇಲ್ಲೆ ಹಲಗಿ ಅಷ್ಟ ಅದ, ಊಟ ಇಲ್ಲ ಅಂತ. ಸೀದಾ ನಳದ ಟೇಬಲ್ಲಿಗೆ ಬಂದು ನಿಂತ. ಅಲ್ಲೆ ಆಕಿ ಒಬ್ಬಾಕೇ ಕೂತಿದ್ಲು, ಬ್ಯಾಳಿ ಆಗಲೇ ಡಬ್ಬಿಯೊಳಗ ಹೋಗಿತ್ತು. ಸಾಹೇಬ ಮಾಲಕ್ರಿಗೆ ಅಂದ, "ಈ ಹೆಣಮಗಳು ಊಟ ಸರಿಯಿಲ್ಲ ಅಂದ್ರ ಇವತ್ತ ಬಾಗಲಾ ಹಾಕಸ್ತೀನಿ." ಮಾಲಕ್ರ ಮಾರಿ ಅಕ್ಕಿ ತೊಳದ ನೀರಿನಂಗ ಆತು. ನಾ ಮಾತ್ರ ನನ್ನ ಕೆಲಸಾ ನೆಟ್ಟಗ ಮಾಡ್ತಿದ್ದೆ, ಧೈರ್ಯದಾಂವ ನೋಡು ನಾ... ಸುಳ್ಳ. ಕೈಯಾಗಿನ ಎರಡು ತಾಟೂ ತಪ್ಪಿ ಬ್ಯಾರೆ ಗಿರಾಕಿ ಮುಂದ ಇಟ್ಟೆ. ಹೊಟೇಲ್ ಮುಚ್ಚಿದ್ರ ನಾ ಮತ್ತ ಸ್ಟೇಷನ್ನಿನ ನಳಕ್ಕ.

"ಅವ್ವಾರ, ಸೋವಿ ಊಟ ಸರಿ ಕೊಡ್ತಾರೇನು?" ಅಂತ ಮರಾಠಿಯೊಳಗ ಕೇಳಿದ.

ಆಕಿ ಬಾಯಾಗಿನ ತುತ್ತು ನುಂಗಿದ್ಲು. ನನ್ನ ನೋಡಿದ್ಲು. "ಕೊಡ್ತಾರ ಸಾಹೇಬ. ದಿನಾ ಉಣ್ತೀನಿ" ಅಂದ್ಲು, ಮರಾಠಿಯೊಳಗ.

"ಬ್ಯಾಳಿ ಎಲ್ಲೆ? ವಾಟಿ ಖಾಲಿ ಅದ. ಆ ಡಬ್ಬಿಯೊಳಗ ಅದ ಏನು? ತಗೀರಿ, ನೋಡೂಣು."

ಆಕಿ ಡಬ್ಬಿ ಮುಚ್ಚಳದ ಮ್ಯಾಲೆ ಅಂಗೈ ಇಟ್ಳು. ಇಟ್ಟು ಹೇಳಿದ್ಲು, "ಪೇಷಂಟಿಂದು ಸಾಹೇಬ. ತಗದ್ರ ಆರಿ ಹೋಗ್ತದ. ಬ್ಯಾಳಿ ಚಲೋ ಅದ." ಸಾಹೇಬ ಆ ಅಂಗೈ ನೋಡಿದ, ದವಾಖಾನಿ ಕಡೆ ನೋಡಿದ, ಪಟ್ಟಿಯೊಳಗ ಏನೋ ಬರಕೊಂಡ, ಮಾಲಕ್ರು ಮುಂದ ಮಾಡಿದ ಚಾನೂ ಕುಡೀಲಾರದ ಹೋದ. ಆಂವ ಲಂಚಾ ತಿನ್ನಾಂವ ಇದ್ದ ಅಂತ ಮದವಿ ಮನಿಯೊಳಗ ಹೇಳ್ತಿದ್ದೆ. ಇರಲಿಲ್ಲ ಪಾಪ, ನೆಟ್ಟಗಿದ್ದ ಮನಶ್ಯಾ.

ಮಾಲಕ್ರು ಗಲ್ಲೆದಿಂದ, "ಬಚಾವಾದ್ವಿ ಮಾರಾಯಾ! ಆ ಹೆಂಗಸಿಗೆ ಒಂದು ಜಿಲೇಬಿ ಕೊಡು!" ಅಂದ್ರು. ನಾ ಎರಡು ಜಿಲೇಬಿ ಪ್ಲೇಟಿನ್ಯಾಗ ಇಟ್ಕೊಂಡು, ದೊಡ್ಡ ದಾನಶೂರನಂಗ ಹೋಗಿ, ಮರಾಠಿಯೊಳಗ, "ಘ್ಯಾ ಮಾವಶಿ, ತಗೋರಿ" ಅಂದೆ. ಆಕಿ ಪ್ಲೇಟು ಬಾಜೂಕ ಸರಿಸಿದ್ಲು. ಸರಿಸಿ, ಹಗೂರಕ, ಅಚ್ಚ ಕನ್ನಡದಾಗ, ನಮ್ಮೂರ ಕಟ್ಟಿ ಮ್ಯಾಲೆ ಕೂತು ನಮ್ಮವ್ವ ಮಾತಾಡಿದಂಗ ಅಂದ್ಲು:

"ಇದು ಬ್ಯಾಡ ತಮ್ಮಾ. ನಾಳಿಂದ ಗಂಗವ್ವನ್ನ ಒಂಚೂರು ಕಡಿಮಿ ಬಿಡಸು. ನಮ್ಮವರ ಗಂಟಲದಾಗ ಬ್ಯಾಳಿ ಒಂದ ಇಳೀತದ. ಮತ್ತೇನೂ ಇಳಿಯೂದಿಲ್ಲ."

ಚಿಂಟ್ಯಾ, ಚಿಕ್ಕಿ ಕಡಿಯೂದು ನಿಂದರಸೋ ಸ್ವಲ್ಪ.

ಇಷ್ಟು ಮಾತಾಡಾಂವ ನಾ, ಆಗ ಏನ ಕೇಳಿದೆ ಗೊತ್ತದ ಏನು? ಕ್ಷಮಾ ಮಾಡ್ರಿ ಅನ್ನಲಿಲ್ಲ. "ಮತ್ತ ಸಾಹೇಬಗ ಯಾಕ ಹೇಳಲಿಲ್ರಿ?" ಅಂತ ಕೇಳಿದೆ. ಆಕಿ ಎದ್ದು ಡಬ್ಬಿ ಸೆರಗಿನ್ಯಾಗ ಸುತ್ತಿಕೊಂಡು ಅಂದ್ಲು, "ಹೇಳಿದ್ರ ಬಾಗಲಾ ಹಾಕ್ತಿದ್ದಾ. ನಾಳಿಗೆ ಎಲ್ಲಿಂದ ಒಯ್ಲಿ? ಈ ದರಕ್ಕ ದವಾಖಾನಿ ಹತ್ರ ನೀವೊಬ್ಬರ ಇದ್ದೀರಿ." ಹೋದ್ಲು. ಸಿಟ್ಟಿಲೆ ಬೈದಿದ್ರ ನಾ ಉಳಕೊಳ್ತಿದ್ದೆ.

ಗಲ್ಲೆದ ಹತ್ರ ಹೋಗಿ ಮಾಲಕ್ರಿಗೆ ಎಲ್ಲಾ ಹೇಳಿದೆ, ಆಕಿ ಬ್ಯಾಳಿಗೆ ನೀರು ಹಾಕೂದು ಬ್ಯಾಡ್ರಿ ಅಂದೆ. ಅವರೂ ಕಲ್ಲಿನವರೇನಲ್ಲ, ಎಣಿಸೂ ರೊಕ್ಕ ಕೆಳಗಿಟ್ರು. ಆಮ್ಯಾಲೆ, "ಒಬ್ಬರಿಗೆ ಗಟ್ಟಿ ಕೊಟ್ಟರೆ ಪಕ್ಕದವರು ಕೇಳ್ತಾರೆ ಮಾರಾಯಾ. ಎಲ್ಲರಿಗೂ ಕೊಟ್ಟರೆ ನಿನ್ನ ಸಂಬಳ ಎಲ್ಲಿಂದ ತರ್ಲಿ?" ಅಂದ್ರು. ಆ ಹೆಚ್ಚಿಗಿ ಪಗಾರ ನನಗ ಯಾತರಿಂದ ಬಂದಿತ್ತು, ನಾ ಮರತಿರಲಿಲ್ಲ. "ಹೌದ್ರಿ" ಅಂದೆ. ಅಷ್ಟ. ಹೌದ್ರಿ.

ಮರುದಿನಾ ಮಧ್ಯಾಹ್ನ ಆಕಿ ಬರೂ ಹೊತ್ತಿಗೆ ಏನ ಮಾಡಿದೆ? ನಿಮಗೆಲ್ಲಾ ಸಿಂಹ, ಹುಲಿ ಅಂತ ಹೇಳ್ಕೋತೀನಲ್ಲ, ಆ ಹುಲಿ ಅಡಗಿಮನಿಯೊಳಗ ಇಡ್ಲಿ ಪಾತ್ರಿ ಹಿಂದ ಕುಕ್ಕರಗಾಲಿಲೆ ಕೂತಿತ್ತು. ಆ ಟೇಬಲ್ಲಿಗೆ ಇನ್ನೊಬ್ಬ ವೇಟರ್ ಮಂಜುನಾಥನ್ನ ಕಳಿಸಿದೆ. ಆಂವಗ ಏನೂ ಗೊತ್ತಿಲ್ಲ, ನಾ ಕಲಿಸಿದ್ದನ್ನ ಒದರಿದ, "ಡಬ್ಬಿಯವ್ವ ಬಂದ್ಲು! ಒಂದು ಸರಕಾರಿ, ಗಂಗವ್ವನ್ನ ಬಿಡು!" ನನ್ನ ಮುಂದ, ಒಂದು ಮಾರು ಅಂತರದಾಗ, ವಾಸು ಸೌಟು ಎತ್ತಿದ. ಕೈ ಹಿಡೀಬಹುದಿತ್ತು. ಆ ಕೈ ಭಾಳ ಹತ್ರ ಇತ್ತು. ಹಿಡೀಲಿಲ್ಲ. ಪರದೆ ಸಂದಿಯೊಳಗಿಂದ ನೋಡಿದೆ. ಆಕಿ ವಾಟಿ ಎತ್ತಿ ವಾಲಿಸಿ ನೋಡಿದ್ಲು, ನೀರು ಹರದಂಗ ಹರೀತು, ಆಮ್ಯಾಲೆ ಅಡಗಿಮನಿ ಕಡೆ ಒಮ್ಮೆ ನೋಡಿದ್ಲು. ಸುರುವಿಕೊಂಡ್ಲು, ಮುಚ್ಚಳಾ ಬಿಗದ್ಲು. ಹಿಂಗ ಏಳೆಂಟು ದಿನಾ. ಆಕಿ ಬರೂದು, ನಾ ಅಡಗೂದು. ಒಂದು ದಿನಾ ಬರಲಿಲ್ಲ. ಮರುದಿನಾನೂ ಬರಲಿಲ್ಲ.

ಗಂಡ ಗುಣಾ ಆಗಿ ಇಬ್ಬರೂ ಜೇಜುರಿಗೆ ಹೋಗಿರಬೇಕು ಅಂತ ನನಗ ನಾನ ಹೇಳ್ಕೊಂಡೀನಿ. ರಸ್ತಾ ದಾಟಿ ದವಾಖಾನಿಯೊಳಗ ಕೇಳಬಹುದಿತ್ತು, ಅರ್ಧಾ ಮಿನಿಟಿನ ದಾರಿ. ಕೇಳಲಿಲ್ಲ. ಹೆಸರು ಗೊತ್ತಿದ್ರ ಅಲ್ಲ ಕೇಳೂದು? ಎರಡು ತಿಂಗಳು ದಿನಾ ಒದರಿದೆ, ಹೆಸರು ಕೇಳಿರಲಿಲ್ಲ. ಆಮ್ಯಾಲೆ ಜೇಜುರಿಗೆ ಎಷ್ಟೋ ಸಲ ಹೋಗೀನಿ, ನಿಮ್ಮ ಕಾಕೂ ಕರಕೊಂಡು ಹೋಗ್ತಿದ್ಲು. ಆ ಮೆಟ್ಟಲ ಮ್ಯಾಲೆ ಅರಿಷಿಣ ಮಾರೂ ಹೆಣಮಕ್ಕಳನ್ನ ಕಂಡ್ರ ತಲಿ ಕೆಳಗ ಹಾಕಿ ಹತ್ತತೀನಿ. ಮಂಡಿ ಬ್ಯಾನಿ ಅಂತ ನಿಮ್ಮ ಕಾಕೂಗ ಹೇಳ್ತಿದ್ದೆ.

ಏನವಾ ಅನ್ವಿತಾ, ಪುಸ್ತಕಾ ಯಾಕ ಮುಚ್ಚಿದಿ? ಬರಿ, ಸರಕಾರ ಕೈ ಹಾಕಬೇಕೋ ಬ್ಯಾಡೋ, ಎರಡೂ ಕಡೆ ಬರಿ, ಮಾರ್ಕ್ಸ್ ಬೀಳ್ತಾವ. ಅಮೆರಿಕಾದವರದು ನನಗ ತಿಳಿಯೂದಿಲ್ಲ. ಹಲಗಿ ಹಚ್ಚೂದು ಸರಕಾರಕ್ಕ ಬರ್ತದ, ಸೌಟು ಹಿಡಿಯೂದು ಅದಕ್ಕ ಬರೂದಿಲ್ಲ, ಆ ಸೌಟು ನನ್ನಂಥಾವರ ಕೈಯಾಗ ಇರ್ತದ, ಇಷ್ಟ ನನಗ ಗೊತ್ತು. ಮತ್ತ ಬೆಳಿಗ್ಗೆ, ನಮ್ಮ ಮನಿಗೆ ಅಡಗಿ ಮಾಡಾಕ ಬರೂ ಮರಾಠಿ ಮಾವಶಿ ಮುಂದ ನೀವಿಬ್ಬರೂ ಕನ್ನಡದಾಗ ಏನೋ ಅಂದು ನಕ್ಕಿರಲ್ಲ? ಕೇಳಿಸ್ತು ನನಗ. ಆಕಿಗೂ ಕೇಳಿಸಿರ್ತದ. ಏಳ್ರಿ, ಹೋಗಿ ಆಕಿ ಹೆಸರು ಕೇಳಿಕೊಂಡು ಬರ್ರಿ ಮೊದಲ. ಇವತ್ತು ಆಕಿ ಇಲ್ಲೇ ಉಣ್ಣಲಿ, ಬ್ಯಾಳಿ ನಾನ ಬಡಸ್ತೀನಿ.