ಡಬ್ಬಿಯ ಮೇಲಿನ ಎರಡನೆಯ ಸಹಿ

ಹೆಸರು: ಡೆಲ್ಮರ್ ರಸ್ಟಾಡ್
ವಯಸ್ಸು: 68 ವರ್ಷ
ಕಸುಬು: ಶಾಲಾ ಬಸ್ ಮೆಕ್ಯಾನಿಕ್ (ನಿವೃತ್ತ). ಈಗ ವಾರಕ್ಕೆ ಮೂರು ದಿನ ಊರಿನ ಹಾರ್ಡ್‌ವೇರ್ ಅಂಗಡಿಯಲ್ಲಿ ಬೇಟೆ ಸಾಮಾನಿನ ಕೌಂಟರ್ ನೋಡಿಕೊಳ್ಳುವುದು
ವಾಸ: ಮಿಲ್ ರಸ್ತೆ, ಕೋಲ್ಟರ್ ಬೆಂಡ್, ಟ್ರಾಸ್ಕ್ ಕೌಂಟಿ, ಮೊಂಟಾನಾ

ಶೆರಿಫ್ ಕಚೇರಿಯ ಡೆಪ್ಯೂಟಿ ಟ್ರೀನಾ ಬ್ರೆಕೆ ಅವರ ಮುಂದೆ, ಯಾರೂ ಕರೆಯದೆ ನಾನಾಗಿಯೇ ಬಂದು ಹೇಳಿ ಬರೆಸುತ್ತಿರುವುದು ಹೀಗಿದೆ.

ಇದೇ ತಿಂಗಳ 18ರಂದು ಇದೇ ಡೆಪ್ಯೂಟಿಯವರು ಅಂಗಡಿಗೆ ಬಂದು, ಗೇಲಾರ್ಡ್ ಪ್ರುಯೆಟ್ ತುಂಬಿದ ಕೋವಿ ತೋಟೆಗಳನ್ನು ಬೇರೆ ಯಾರಾದರೂ ಪರೀಕ್ಷಿಸಿದ್ದರೇ ಎಂದು ಕೇಳಿದರು. ನನಗೆ ಗೊತ್ತಿಲ್ಲ ಎಂದೆ. ಅದು ಸುಳ್ಳು. ಅದನ್ನು ತಿದ್ದುವುದಕ್ಕೆ ಬಂದಿದ್ದೇನೆ.

ಗೇಲಾರ್ಡ್‌ಗೆ 71 ವರ್ಷ. ನಲವತ್ತನಾಲ್ಕು ವರ್ಷದಿಂದ ಗೆಳೆಯ. ನಮ್ಮ ಮನೆಗಳ ನಡುವೆ ಆರೂವರೆ ಮೈಲಿ. ನಾವಿಬ್ಬರೂ ಅಂಗಡಿಯ ತೋಟೆ ಕೊಳ್ಳುವವರಲ್ಲ. ಸುಟ್ಟ ಖಾಲಿ ಕೊಳವೆಗೆ ಮತ್ತೆ ಮದ್ದು ತೂಗಿ ಹಾಕಿ, ಗುಂಡು ಕೂರಿಸಿ, ನಮ್ಮ ತೋಟೆ ನಾವೇ ಮಾಡಿಕೊಳ್ಳುತ್ತೇವೆ. ಮದ್ದನ್ನು ಗ್ರೇನ್ ಲೆಕ್ಕದಲ್ಲಿ ತೂಗುವುದು. ಒಂದು ಗ್ರಾಂಗೆ ಹದಿನೈದು ಗ್ರೇನ್‌ಗಿಂತ ಸ್ವಲ್ಪ ಹೆಚ್ಚು. ಮಿತಿಯ ಮೇಲೆ ನಾಲ್ಕೈದು ಗ್ರೇನ್ ಬಿದ್ದರೂ ಕೋವಿ ಹಿಂದಕ್ಕೆ ಸಿಡಿಯಬಹುದು.

ಅದಕ್ಕಾಗಿ ನಮ್ಮಲ್ಲಿ ಒಂದು ಪದ್ಧತಿ ಇತ್ತು. ಒಬ್ಬ ತುಂಬಿದ್ದನ್ನು ಇನ್ನೊಬ್ಬ ಪರೀಕ್ಷಿಸಬೇಕು. ಗುಂಡು ಕೂರಿಸುವ ಮುಂಚೆ, ಮದ್ದು ಹಾಕಿಟ್ಟ ಕೊಳವೆಗಳಲ್ಲಿ ತನಗೆ ಬೇಕಾದ ಮೂರನ್ನು ಆರಿಸಿ, ಮದ್ದನ್ನು ತನ್ನ ತಕ್ಕಡಿಗೆ ಸುರಿದು ತೂಗಬೇಕು. ಸರಿ ಬಂದರೆ ಡಬ್ಬಿಯ ಚೀಟಿಯಲ್ಲಿ ತುಂಬಿದವನ ಹೆಸರಿನ ಮೊದಲಕ್ಷರಗಳ ಕೆಳಗೆ ತನ್ನವನ್ನು ಬರೆಯಬೇಕು. ಎರಡು ಸಹಿ ಇಲ್ಲದ ಡಬ್ಬಿಯನ್ನು ನಾವು ಯಾರೂ ಮುಟ್ಟುತ್ತಿರಲಿಲ್ಲ. ಗೇಲಾರ್ಡನ ಮಗಳು ಜೋಲೀನ್‌ಗೂ ಇದು ಗೊತ್ತು. ಅವಳಿಗೆ ಈಗ 39, ಶಾಲಾ ಬಸ್ಸು ಓಡಿಸುತ್ತಾಳೆ. ಹನ್ನೆರಡನೆಯ ವಯಸ್ಸಿನಿಂದ ಪ್ರತಿ ವರ್ಷ ಎಲ್ಕ್ ಜಿಂಕೆಯ ಬೇಟೆಗೆ ಅವಳ ಇಪ್ಪತ್ತು ತೋಟೆ ಅವಳ ಅಪ್ಪನೇ ತುಂಬಿಕೊಟ್ಟಿದ್ದಾನೆ.

ಮೂರು ವರ್ಷದಿಂದ ಗೇಲಾರ್ಡನ ಕೈ ನಡುಗುತ್ತದೆ. ಔಷಧಿ ನಡೆಯುತ್ತಿದೆ. ಕಣ್ಣೂ ಮಂಜು. ಹಳೆಯ ತಕ್ಕಡಿಯ ಮುಳ್ಳು ಗೆರೆಗೆ ಬಂದಿದೆಯೋ ಇಲ್ಲವೋ ಅವನಿಗೆ ಕಾಣುತ್ತಿರಲಿಲ್ಲ. ಕಳೆದ ವರ್ಷ ಅಕ್ಟೋಬರಿನಲ್ಲಿ ಅವನು ತುಂಬಿದ್ದರಲ್ಲಿ ನಾನು ತೂಗಿದ ಮೂರರಲ್ಲಿ ಎರಡು ತಪ್ಪು ಬಂದವು. ಅವನು ಇಪ್ಪತ್ತು ಕೊಳವೆಯ ಮದ್ದನ್ನೂ ವಾಪಸು ಮದ್ದಿನ ಡಬ್ಬಕ್ಕೆ ಸುರಿದ. ಆಮೇಲೆ ಹನ್ನೊಂದು ದಿನ ನನ್ನ ಫೋನ್ ಎತ್ತಲಿಲ್ಲ. ಆ ವರ್ಷದ ತೋಟೆಯನ್ನು ನಾನೇ ತುಂಬಿದೆ. ಚೀಟಿಯಲ್ಲಿ ಅವನದು ಎರಡನೆಯ ಸಹಿ ಆಯಿತು. ಅದು ಅವನನ್ನು ಎಷ್ಟು ಚುಚ್ಚಿತು ಎಂದು ನನಗೆ ಗೊತ್ತು.

ಸೆಪ್ಟೆಂಬರ್ 21, ಶನಿವಾರ ಬೆಳಿಗ್ಗೆ 10ಕ್ಕೆ ಅವನು ಅಂಗಡಿಗೆ ಬಂದು ಡಿಜಿಟಲ್ ತಕ್ಕಡಿ ಬೇಕೆಂದ. ಕೌಂಟರಿನ ಮೇಲೆ ಮೂರನ್ನು ಇಟ್ಟೆ. ಮೊದಲನೆಯದಕ್ಕೆ ಗಾಳಿ ತಾಗದ ಹಾಗೆ ಗಾಜಿನ ಮುಚ್ಚಳ ಇತ್ತು. ಮೂರರಲ್ಲಿ ಅದೇ ಒಳ್ಳೆಯದು, ಆದರೆ ಅಂಕಿ ಚಿಕ್ಕವು. ಗೇಲಾರ್ಡ್ ಬಗ್ಗಿ ನೋಡಿ, "ಇದನ್ನ ಓದೋಕೆ ಒಂದು ಇರುವೆನ ಕೆಲಸಕ್ಕೆ ಇಟ್ಕೋಬೇಕು ಕಣೋ" ಎಂದ. ನಿನ್ನ ಕಣ್ಣಿಗೆ ಪೆಟ್ರೋಲ್ ಬಂಕಿನ ಬೋರ್ಡೇ ಆಗಬೇಕು ಎಂದು ನಾನೂ ಅಂದೆ. ಎರಡನೆಯದರ ಗುಂಡಿಗಳು ಒತ್ತೊತ್ತಾಗಿ ಇದ್ದವು. ಅವನ ಬೆರಳು ಒಂದಕ್ಕೆ ಹೋಗಿ ಇನ್ನೊಂದನ್ನು ಒತ್ತುತ್ತಿತ್ತು. ಮೂರನೆಯದರಲ್ಲಿ ನೀಲಿ ಬೆಳಕಿನ ದೊಡ್ಡ ಅಂಕಿ. ಅವನು ಮೂರು ಹೆಜ್ಜೆ ಹಿಂದೆ ಸರಿದು ನಿಂತು ಗಟ್ಟಿಯಾಗಿ ಓದಿದ. ಮುಖ ಅರಳಿತು. ಆ ಮುಖ ನೋಡಿಯೇ ನಾನು ಅದನ್ನು ಆರಿಸಿದೆ. ಇದು ತಕ್ಕಡಿ ಆರಿಸುವ ರೀತಿಯಲ್ಲ ಎಂದು ನನಗೆ ತಿಳಿದಿತ್ತು.

ಅವನ ಮುಂದೆಯೇ ಅದರ ಮೇಲೆ ಇಪ್ಪತ್ತು ಗ್ರಾಂ ತೂಕದ ಬಟ್ಟನ್ನು ಐದು ಸಲ ಇಟ್ಟು ತೆಗೆದೆ. ಐದು ಸಲವೂ ಸರಿ ತೋರಿಸಿತು. ಅರ್ಧ ಗಂಟೆ ಮುಂಚೆ ಆನ್ ಮಾಡಿಡು, ಹೀಟರಿನ ಹತ್ತಿರ ಇಡಬೇಡ, ಹತ್ತು ತೋಟೆಗೊಮ್ಮೆ ಬಟ್ಟಿಟ್ಟು ನೋಡು ಎಂದು ಹೇಳಿಕೊಟ್ಟೆ. ಪ್ರತಿಯೊಂದನ್ನೂ ಅವನು ತಪ್ಪದೆ ಪಾಲಿಸಿದ್ದಾನೆ. ಅವನ ಕಡೆಯಿಂದ ಉದಾಸೀನ ಆಗಿಲ್ಲ. ಇದನ್ನು ಒತ್ತಿ ಬರೆದುಕೊಳ್ಳಬೇಕೆಂದು ಕೇಳಿಕೊಳ್ಳುತ್ತೇನೆ.

ಅಕ್ಟೋಬರ್ 5, ಶನಿವಾರ ಮಧ್ಯಾಹ್ನ 4 ಗಂಟೆ 10 ನಿಮಿಷಕ್ಕೆ ನಾನು ಅವನ ಮನೆಗೆ ಹೋದೆ. ನನ್ನ ಹಳೆಯ ತಕ್ಕಡಿ ಮರದ ಪೆಟ್ಟಿಗೆಯಲ್ಲಿ ನನ್ನ ಟ್ರಕ್ಕಿನಲ್ಲೇ ಇತ್ತು. ಅವನು ಹಿತ್ತಲ ಶೆಡ್ಡಿನಲ್ಲಿದ್ದ. ಇಪ್ಪತ್ತು ಕೊಳವೆ ಮದ್ದು ತುಂಬಿಕೊಂಡು ಸಾಲಾಗಿ ನಿಂತಿದ್ದವು. ಹನ್ನೆರಡೂವರೆಗೆ ಶುರು ಮಾಡಿದ್ದನಂತೆ. ಚಳಿಯಲ್ಲೂ ಅಂಗಿಯ ಬೆನ್ನು ಬೆವರಿ ಒದ್ದೆಯಾಗಿತ್ತು. ಹೇಗೆ ಮಾಡಿದೆ ಎಂದು ಕೇಳಿದೆ. ಚಮಚದಿಂದ ಐದಾರು ಗ್ರೇನ್ ಕಡಿಮೆಯೇ ಹಾಕಿ, ಆಮೇಲೆ ಒಂದೊಂದೇ ಕಾಳು ಉದುರಿಸಿ ಅಂಕಿ ಸರಿ ಬರುವವರೆಗೆ ಕಾದೆ ಎಂದ. "ಕೈ ಅವಸರ ಮಾಡುತ್ತೆ, ಅದಕ್ಕೆ ನಾನು ಅವಸರ ಬಿಟ್ಟೆ" ಎಂದ.

ನಂತರ ಅವನು ಎರಡು ಲೋಟ ಕಾಫಿ ಮಾಡಿದ. ಲೋಟ ಹಿಡಿದ ಕೈ ನಡುಗಿ ಕಾಫಿ ತುಳುಕಿತು. "ನೋಡು, ಚಮಚಾನೇ ಬೇಡ, ಸಕ್ಕರೆ ತಾನಾಗೇ ಕರಗುತ್ತೆ" ಎಂದು ನಗಾಡಿದ. ಇಂಥದ್ದನ್ನು ಬಿಡಬಹುದು ಎಂದು ಡೆಪ್ಯೂಟಿಯವರು ಈಗ ಹೇಳಿದರು. ಬಿಡಬೇಡಿ ಎಂದು ಕೇಳಿಕೊಂಡಿದ್ದೇನೆ. ಅವನು ನಗಾಡಿದ್ದನ್ನು ನಾನು ನೋಡಿದ್ದು ಅದೇ ಕೊನೆ.

ಆಮೇಲೆ ಅವನು ಚೀಟಿಯನ್ನೂ ಪೆನ್ನನ್ನೂ ನನ್ನ ಮುಂದೆ ಇಟ್ಟು, "ನೀನು ನಿನ್ನ ತಕ್ಕಡಿ ತಗೊಂಡು ಬಾ ಮಾರಾಯ, ನಾನು ಕೂತಿರ್ತೀನಿ" ಎಂದು ಹೇಳಿ ಗೋಡೆಯ ಕಡೆ ತಿರುಗಿ ಕುಳಿತ. ನನಗೆ ಹೋದ ವರ್ಷದ ನೆನಪು ಬಂತು. ಮತ್ತೆ ತಪ್ಪು ಬಂದರೆ ಇವನು ಇನ್ನೊಮ್ಮೆ ಈ ಶೆಡ್ಡಿನೊಳಗೆ ಕಾಲಿಡುವುದಿಲ್ಲ ಅನ್ನಿಸಿತು. ಟಾರ್ಚ್ ಹಾಕಿ ಕೊಳವೆಗಳ ಒಳಗೆ ನೋಡಿದೆ. ಮದ್ದಿನ ಮಟ್ಟ ಹೆಚ್ಚು ಕಡಿಮೆ ಒಂದೇ ಇತ್ತು. ದುಪ್ಪಟ್ಟು ಬಿದ್ದಿದ್ದರೆ ಟಾರ್ಚಿನಲ್ಲಿ ಕಾಣುತ್ತದೆ. ಐದು ಗ್ರೇನ್ ಕಾಣುವುದಿಲ್ಲ. "ತೂಗೋದೇನು ಬೇಡ, ಚೆನ್ನಾಗಿದೆ" ಎಂದು ಹೇಳಿ ಸಹಿ ಹಾಕಿದೆ. ಶೆಡ್ಡಿನ ಬಾಗಿಲಿನಿಂದ ನನ್ನ ಟ್ರಕ್ಕಿಗೆ ನಲವತ್ತಮೂರು ಹೆಜ್ಜೆ. ಮೊನ್ನೆ ಹೋದಾಗ ಎಣಿಸಿದೆ.

ಅಕ್ಟೋಬರ್ 13, ಭಾನುವಾರ ಬೆಳಿಗ್ಗೆ 10 ಗಂಟೆ 20 ನಿಮಿಷಕ್ಕೆ ಊರಾಚೆಯ ಜಲ್ಲಿ ಗುಂಡಿಯಲ್ಲಿ ಜೋಲೀನ್ ತನ್ನ ಕೋವಿಯ ಗುರಿ ಸರಿಪಡಿಸಿಕೊಳ್ಳುತ್ತಿದ್ದಳು. ಗುರಿಹಲಗೆ ನೂರು ಗಜ ದೂರ. ಗೇಲಾರ್ಡ್ ಅವಳ ಎಡಕ್ಕೆ ದುರ್ಬೀನು ಹಿಡಿದು ಕುಳಿತಿದ್ದ. ನಾನು ಹನ್ನೆರಡು ಅಡಿ ಹಿಂದೆ ಥರ್ಮಾಸಿನಿಂದ ಕಾಫಿ ಬಗ್ಗಿಸುತ್ತಿದ್ದೆ. ಚಳಿಗೆ ಮಂಜು ಹಿಡಿಯಿತೆಂದು ಅವಳು ರಕ್ಷಣೆಯ ಕನ್ನಡಕವನ್ನು ಟೋಪಿಯ ಮೇಲಕ್ಕೆ ಸರಿಸಿಕೊಂಡಿದ್ದಳು. ಎರಡು ಗುಂಡು ಸರಿಯಾಗಿ ಹೋದವು. ಎರಡನೆಯದು ಹೋದಾಗ ಗೇಲಾರ್ಡ್, "ಅಂಗಡಿ ತೋಟೆಗೆ ಇದು ಸಾಧ್ಯನಾ ಹೇಳು" ಎಂದು ಬೀಗಿದ. ಮೂರನೆಯದರ ಸದ್ದೇ ಬೇರೆ ಇತ್ತು. ಜೋಲೀನ್ ಕೂಗಲಿಲ್ಲ. ಕೋವಿಯನ್ನು ಮೆಲ್ಲಗೆ ಕೆಳಗಿಟ್ಟು, "ಅಪ್ಪಾ, ನಂಗೇನೂ ಕಾಣ್ತಿಲ್ಲ" ಎಂದಳು. ಬಲಗಣ್ಣಿನಿಂದ ರಕ್ತ ಇಳಿಯುತ್ತಿತ್ತು.

ಆಸ್ಪತ್ರೆ 62 ಮೈಲಿ. ನಾನು ಓಡಿಸಿದೆ. 57 ನಿಮಿಷ ಹಿಡಿಯಿತು. ಗೇಲಾರ್ಡ್ ಹಿಂದಿನ ಸೀಟಿನಲ್ಲಿ ಮಗಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕಣ್ಣಿಗೆ ಟವೆಲ್ ಒತ್ತಿ ಹಿಡಿದಿದ್ದ. ಕನ್ನಡಿಯಲ್ಲಿ ಅವನ ಕೈ ನನಗೆ ಕಾಣುತ್ತಿತ್ತು. ದಾರಿಯುದ್ದಕ್ಕೂ ಅದು ನಡುಗಲಿಲ್ಲ. ಕಣ್ಣು ಉಳಿಯಲಿಲ್ಲ ಎಂದು ಸಂಜೆ 5ಕ್ಕೆ ವೈದ್ಯರು ಹೇಳಿದರು.

14ರಂದು ಗೇಲಾರ್ಡ್ ಈ ಕಚೇರಿಗೆ ಬಂದು, ತೋಟೆ ತುಂಬಿದ್ದು ತಾನೊಬ್ಬನೇ, ಯಾರಿಗೂ ತೋರಿಸಲಿಲ್ಲ, ತನ್ನ ಕೈ ನಡುಗಿ ಹೆಚ್ಚು ಬಿದ್ದಿದೆ ಎಂದು ಹೇಳಿಕೆ ಕೊಟ್ಟ. ಉಳಿದ ಹದಿನೇಳು ತೋಟೆಗಳನ್ನು ಬಿಚ್ಚಿ ತೂಗಿದಾಗ ಆರರಲ್ಲಿ ಮದ್ದು ಹೆಚ್ಚಿತ್ತು, ಒಂದರಲ್ಲಿ ಐದು ಗ್ರೇನ್ ಎಂದು ಡೆಪ್ಯೂಟಿಯವರಿಂದಲೇ ತಿಳಿಯಿತು. 18ರಂದು ಅವರು ನನಗೆ ಡಬ್ಬಿಯ ಚೀಟಿಯ ಫೋಟೋ ತೋರಿಸಿದರು. ಚೀಟಿಯ ಕೆಳಗಿನ ಮೂಲೆ ಇರಲಿಲ್ಲ. ಕತ್ತರಿಯಲ್ಲಿ ಕತ್ತರಿಸಿದ್ದು. ಕತ್ತರಿಸಿದ ಗೆರೆ ಅಂಕುಡೊಂಕಾಗಿತ್ತು. ಅದು ಯಾರ ಕೈ ಎಂದು ನನಗೆ ತಕ್ಷಣ ಗೊತ್ತಾಯಿತು. ಆದರೂ ಗೊತ್ತಿಲ್ಲ ಎಂದೆ. ನನ್ನ ಮೇಲೆ ನನಗೇ ಹೇಸಿಗೆಯಾಯಿತು.

19ರಂದು ಅಂಗಡಿಯಲ್ಲಿ ಅದೇ ಮಾದರಿಯ ಇನ್ನೊಂದು ತಕ್ಕಡಿ ತೆಗೆದು, ಗೇಲಾರ್ಡ್ ಹೇಳಿದ ಹಾಗೆಯೇ, ತಟ್ಟೆಗೆ ಒಂದೊಂದೇ ಕಾಳು ಮದ್ದನ್ನು ಬಿಟ್ಟು ಬಿಟ್ಟು ಹಾಕಿದೆ. ಮೂವತ್ತೊಂದು ಕಾಳು ಬಿದ್ದರೂ ಅಂಕಿ ಅಲುಗಲಿಲ್ಲ. ಅಷ್ಟು ನಿಧಾನವಾಗಿ ಬಿದ್ದದ್ದನ್ನು ಆ ಯಂತ್ರ ತನ್ನದೇ ಏರುಪೇರು ಎಂದುಕೊಂಡು ಲೆಕ್ಕಕ್ಕೆ ಹಿಡಿಯುವುದಿಲ್ಲ. ಕೈಪಿಡಿಯ ಹದಿನಾಲ್ಕನೆಯ ಪುಟದಲ್ಲಿ ಇದರ ಬಗ್ಗೆ ಎರಡು ಸಾಲು ಇದೆ. ಅಂದು ಓದಿರಲಿಲ್ಲ. ನಾನು ಬಟ್ಟನ್ನು ಒಮ್ಮೆಲೇ ಇಟ್ಟು ಪರೀಕ್ಷಿಸಿದ್ದೆ, ಹಾಗಾಗಿ ಸರಿ ತೋರಿಸಿತ್ತು. ಗೇಲಾರ್ಡನ ಕೈ ನಡುಗಿ ಮದ್ದು ಹೆಚ್ಚು ಬಿದ್ದದ್ದಲ್ಲ. ನಡುಗುತ್ತದೆಂದು ಅವನು ಅತಿ ಜೋಪಾನ ಮಾಡಿದ್ದರಿಂದ ಬಿದ್ದದ್ದು. ನನ್ನ ತಕ್ಕಡಿಯಲ್ಲಿ ತೂಗಿದ್ದರೆ ಆ ತಪ್ಪು ಸಿಕ್ಕಿಬೀಳುತ್ತಿತ್ತು.

20ರಂದು ಮಧ್ಯಾಹ್ನ ಅವನ ಮನೆಗೆ ಹೋಗಿ ಇದನ್ನು ಹೇಳಿದೆ. ಶೆಡ್ಡು ಖಾಲಿಯಾಗಿತ್ತು. ಮದ್ದು ತುಂಬುವ ಸಾಮಾನನ್ನೆಲ್ಲ ಗುಜರಿಗೆ ಹಾಕಿದ್ದ. ನಾನು ಹೋಗಿ ನಿಜ ಹೇಳುತ್ತೇನೆ ಎಂದೆ. "ಬೇಡ ಕಣೋ. ನಾನು ಹೇಗೂ ಇನ್ನು ಕೋವಿ ಮುಟ್ಟಲ್ಲ. ನಿಂಗೆ ಆ ಕೌಂಟರ್ ಒಂದಿದೆ, ಜನ ನಿನ್ನ ಮಾತು ಕೇಳ್ತಾರೆ. ಇಬ್ಬರು ಯಾಕೆ ಹಾಳಾಗಬೇಕು" ಎಂದ. ಮಗಳ ಮುಂದೆ ನಿನ್ನ ಹೆಸರು ಹೋಗಿದೆಯಲ್ಲ ಎಂದೆ.

ನಿನ್ನೆ, 21ರಂದು, ಬೆಳಿಗ್ಗೆ 11ಕ್ಕೆ ಆಸ್ಪತ್ರೆಗೆ ಹೋದೆ. ಜೋಲೀನ್ ಎದ್ದು ಕುಳಿತಿದ್ದಳು. ಬಸ್ಸಿನ ಕೆಲಸ ಇನ್ನು ಕೊಡುವುದಿಲ್ಲವಂತೆ ಎಂದಳು. ನಾನು ಬಾಯಿ ತೆರೆಯುವ ಮೊದಲೇ, ಅಪ್ಪನ ಕೈ ವಿಷಯ ತನಗೆ ಎರಡು ವರ್ಷದಿಂದ ಗೊತ್ತಿತ್ತು ಎಂದು ಹೇಳಿದಳು. ಅವಳ ಮಾತನ್ನು ಅವಳು ಆಡಿದ ಹಾಗೆಯೇ ಬರೆದುಕೊಳ್ಳಬೇಕು: "ಅವತ್ತು ಬೆಳಿಗ್ಗೆ ಡಬ್ಬಿ ತೆಗೆದಾಗ ಒಂದು ನಿಮಿಷ ಭಯ ಆಯ್ತು ಅಂಕಲ್. ಚೀಟಿ ತಿರುಗಿಸಿ ನೋಡಿದೆ, ಕೆಳಗೆ ನಿಮ್ಮ ಸಹಿ ಇತ್ತು. ಸರಿ, ಡೆಲ್ಮರ್ ಅಂಕಲ್ ತೂಗಿದ್ದಾರೆ ಅಂತ ಕೋವಿಗೆ ಹಾಕಿದೆ."

ಸಹಿಯ ವಿಷಯವನ್ನು ಪೊಲೀಸರಿಗೆ ಹೇಳಿದೆಯಾ ಎಂದು ಕೇಳಿದೆ. ಇಲ್ಲ ಎಂದಳು. ಯಾಕೆ ಎಂದು ಕೇಳಲಿಲ್ಲ. ನೀವು ತೂಗಿದ್ರಿ ತಾನೇ ಎಂದು ಅವಳೂ ಕೇಳಲಿಲ್ಲ. ಉಳಿದ ಒಂದು ಕಣ್ಣಿನಿಂದ ನನ್ನನ್ನೇ ನೋಡುತ್ತಿದ್ದಳು. ನಾನು ತೂಗಲಿಲ್ಲ ಎಂದು ಹೇಳಿದೆ. ಅವಳು ಮುಖವನ್ನು ಕಿಟಕಿಯ ಕಡೆ ತಿರುಗಿಸಿಕೊಂಡಳು. ಇಪ್ಪತ್ತು ನಿಮಿಷ ಕುಳಿತಿದ್ದು ಎದ್ದು ಬಂದೆ.

ಆದ್ದರಿಂದ ಗೇಲಾರ್ಡ್ ಪ್ರುಯೆಟ್ 14ರಂದು ಕೊಟ್ಟ ಹೇಳಿಕೆಯಲ್ಲಿ ಯಾರೂ ಪರೀಕ್ಷಿಸಲಿಲ್ಲ ಎಂಬುದು ಒಂದು ರೀತಿಯಲ್ಲಿ ನಿಜ. ಪರೀಕ್ಷಿಸಿದ್ದೇನೆ ಎಂದು ಸಹಿ ಹಾಕಿದವನು ಮಾತ್ರ ಒಬ್ಬನಿದ್ದ, ಅವನು ನಾನು. ತಕ್ಕಡಿ ಆರಿಸಿದವನೂ ನಾನು. ಕತ್ತರಿಸಿದ ಮೂಲೆಯಲ್ಲಿ ಇದ್ದದ್ದು ನನ್ನ ಹೆಸರಿನ ಮೊದಲಕ್ಷರಗಳು.

ನಾನು ಹೇಳಿದ್ದು ಇಷ್ಟೇ, ಹೇಳಿದ್ದೆಲ್ಲ ಸತ್ಯ. ಬರೆದದ್ದನ್ನು ಓದಿ ಹೇಳುತ್ತೇನೆ, ಕೇಳಿ ಸಹಿ ಹಾಕಿದರೆ ಸಾಕು ಎಂದು ಡೆಪ್ಯೂಟಿಯವರು ಹೇಳಿದರು. ನಾನು ಒಪ್ಪಲಿಲ್ಲ. ಹಾಳೆಗಳನ್ನು ಇಸಿದುಕೊಂಡು, ಕನ್ನಡಕ ಹಾಕಿಕೊಂಡು, ಮೊದಲಿನಿಂದ ಕೊನೆಯವರೆಗೆ ಎರಡು ಸಲ ನಾನೇ ಓದಿದೆ. ಇಪ್ಪತ್ತಾರು ನಿಮಿಷ ಹಿಡಿಯಿತು. ಓದಿದ ಮೇಲೆಯೇ ಸಹಿ ಹಾಕಿದ್ದೇನೆ.

ಸ್ಥಳ: ಕೋಲ್ಟರ್ ಬೆಂಡ್
ದಿನಾಂಕ: 22 ಅಕ್ಟೋಬರ್ 2024, ಬೆಳಿಗ್ಗೆ 11 ಗಂಟೆ 50 ನಿಮಿಷ

(ಸಹಿ, ಪೂರ್ತಿ ಹೆಸರಿನಲ್ಲಿ)
ಡೆಲ್ಮರ್ ರಸ್ಟಾಡ್